ತಾಯಿಯ ಕೈಗೆ ಸೂತಕವುಂಟೆ?



ಕಳೆದ ಶ್ರಾವಣಮಾಸದಲ್ಲಿ ಆನೇಕಲ್ಲಿನ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವಗೋಷ್ಠಿ ಜರುಗಿತು. ವಚನವ್ಯಾಖ್ಯಾನ ಮುಗಿದು, ಪ್ರಸಾದವಾಗಿ, ನೆರೆದವರೆಲ್ಲ ಏಳುತ್ತಿರುವಾಗ ತಾಯಿಯೊಬ್ಬರು ಹಿಂದುಳಿದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಆ ದಿನ ನಾನಿತ್ತ ಉತ್ತರವು ಅರೆಬರೆಯಾದುದು. ಅದನ್ನು ಪೂರ್ಣಗೊಳಿಸುವ ಋಣ ನನ್ನ ಮೇಲಿರುವುದರಿಂದ ಈ ಲೇಖನ.

ಆ ತಾಯಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಪಾಠ ಹೇಳುವ ವಿಶೇಷ ಶಿಕ್ಷಕಿ. ಮನೆಯಲ್ಲಿ ಎರಡು ವರ್ಷದ ಕೂಸು. ಯಜಮಾನರಿಗೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. "ಮೇಷ್ಟ್ರೇ, ಬೆಳಗ್ಗೆ ಕರದಲ್ಲಿ ಲಿಂಗವನ್ನಿಟ್ಟು ಕುಳಿತರೆ ಕೂಸು ಅಳುತ್ತದೆ. ಕೂಸನ್ನೆತ್ತಿಕೊಂಡರೆ ಬಸ್ಸು ಹೊರಟುಹೋಗುತ್ತದೆ. ಶಾಲೆಯಲ್ಲಿ ಮಕ್ಕಳ ಜೊಲ್ಲು ಒರೆಸುತ್ತೇನೆ, ಮಲಮೂತ್ರ ಶುಚಿಮಾಡುತ್ತೇನೆ. ಆ ಕೈಯಿಂದ ಲಿಂಗವನ್ನು ಮುಟ್ಟಬಾರದೆಂದೂ, ಅಂಥ ಮಕ್ಕಳನ್ನು ಮುಟ್ಟಿಬಂದು ಕೂಸನ್ನು ಎತ್ತಬಾರದೆಂದೂ ನಮ್ಮ ಅತ್ತೆಯವರು ನೊಂದುಕೊಳ್ಳುತ್ತಾರೆ. ಕೆಲಸವನ್ನೇ ಬಿಟ್ಟುಬಿಡಲೇ?" ಎಂದು ಆಕೆ ಕೇಳಿದರು.

ಮೊದಲು ಕೈಯ ಮಾತನ್ನು ನೋಡೋಣ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ನಮ್ಮ ಧರ್ಮದ ಮೂಲಭೂತ ಸಿದ್ಧಾಂತ. ಅನ್ಯರಲ್ಲಿ ಬಾಣಂತಿಯು ದೇವರ ಕೋಣೆಯಿಂದ ದೂರವಿದ್ದ ಕಾಲದಲ್ಲಿಯೂ ನಮ್ಮ ಬಾಣಂತಿಯು ಹಸುಗೂಸನ್ನು ಮಗ್ಗುಲಲ್ಲಿಟ್ಟುಕೊಂಡೇ ಇಷ್ಟಲಿಂಗವನ್ನು ಪೂಜಿಸಿದಳು. ಹೀಗಿರುವಲ್ಲಿ ಶಿಶುವಿನ ಜೊಲ್ಲು ಎಂತು ಸೂತಕವಾದೀತು? ಅದು ಎಂಜಲೇ ತಾನೆ? ಎಂಜಲಿನ ಸೂತಕವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಕಳೆದುಬಿಟ್ಟರು. ಕೈ ತೊಳೆಯುವುದು ಶುಚಿತ್ವ, ಅದು ಬೇಕು. ತೊಳೆದ ಕೈಯಲ್ಲಿಯೂ ಏನೋ ಉಳಿದಿದೆ ಎಂದು ಅಂಜುವುದು ಸೂತಕ, ಅದು ನಮಗಿಲ್ಲ. ಇವೆರಡನ್ನು ಬೆರೆಸಿದುದರಿಂದಲೇ ಮನೆಮನೆಗಳಲ್ಲಿ ಎಷ್ಟೋ ಸಂಕಟಗಳಾಗಿವೆ.

ಇನ್ನು ಆ ಮಕ್ಕಳ ವಿಷಯ. ಪೂರ್ವಜನ್ಮದ ಕರ್ಮವೇ ಹೀಗೆ ಮೈದಾಳಿತೆಂದು ಹೇಳುವವರು ನಮ್ಮ ಭಕ್ತರಲ್ಲಿಯೂ ಉಂಟು. ಅವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಗರ್ಭಕ್ಕೆ ಎಂಟನೆಯ ತಿಂಗಳು ತುಂಬಿದಾಗ ತಾಯಿಯ ಉದರದಲ್ಲಿರುವ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಸಂಪ್ರದಾಯ ನಮ್ಮಲ್ಲಿದೆಯಷ್ಟೆ? ಈ ಕೂಸು ಮುಂದೆ ಮಾತನಾಡುವುದೇ, ನಡೆಯುವುದೇ, ಲೆಕ್ಕ ಕಲಿಯುವುದೇ ಎಂದು ಪರೀಕ್ಷಿಸಿ ಯಾವ ಗುರುವಾದರೂ ಲಿಂಗವನ್ನು ಕೊಟ್ಟುದುಂಟೇ? ಬುದ್ಧಿಯನ್ನು ಅಳೆಯುವ ಮೊದಲೇ ಲಿಂಗ ಬಂದಿತು. ಲಿಂಗ ಬಂದ ಮೇಲೆ ಆ ಅಂಗವನ್ನು ಪಾಪದ ಫಲವೆನ್ನುವ ಅಧಿಕಾರ ಯಾರಿಗೂ ಉಳಿಯಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಶಾಸನವು ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಗುರುತಿಸಿ, ನಿಗದಿತ ಮಟ್ಟದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಒಳ್ಳೆಯದು. ಲಿಂಗಧಾರಣೆಯ ಅರ್ಥವನ್ನು ನಾವು ಅರಿತಿದ್ದರೆ ನಮ್ಮವರ ಮಟ್ಟಿಗಾದರೂ ಶಾಸನಕ್ಕಾಗಿ ಕಾಯಬೇಕಾಗಿರಲಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಮರೆಮಾಚಲಾರೆ. ನಾನು ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ, ಅಕ್ಷರ ಹತ್ತದ ಹುಡುಗನೊಬ್ಬನನ್ನು ದಡ್ಡನೆಂದು ಕರೆದು ವರ್ಷವಿಡೀ ಹಿಂದಿನ ಸಾಲಿನಲ್ಲಿ ಕೂರಿಸಿದೆ. ಅಮರಕೋಶವನ್ನು ಬಾಯಿಪಾಠ ಒಪ್ಪಿಸುವವರೇ ನನಗೆ ಶಿಷ್ಯರಾಗಿ ಕಂಡರು. ಈ ತಾಯಿ ತಮ್ಮ ಪಾಠಕ್ರಮವನ್ನು ವಿವರಿಸಿದಾಗ ಆ ಹುಡುಗನ ಮುಖ ನೆನಪಾಯಿತು. ಅಂಗಿಯ ಗುಂಡಿ ಹಾಕುವುದನ್ನು ಆಕೆ ಹಲವು ಹೆಜ್ಜೆಗಳಾಗಿ ಒಡೆಯುತ್ತಾರೆ. ಗುಂಡಿಯನ್ನು ಹಿಡಿಯುವುದು ಒಂದು ಪಾಠ, ತೂತಿಗೆ ತರುವುದು ಇನ್ನೊಂದು, ಆಚೆಯಿಂದ ಎಳೆಯುವುದು ಮತ್ತೊಂದು. ಒಂದೊಂದಕ್ಕೂ ವಾರಗಳು ಹಿಡಿಯುತ್ತವೆ. ಷಟ್‌ಸ್ಥಲದ ಸೋಪಾನಗಳನ್ನು ಬೋಧಿಸುವ ನಮ್ಮಂಥವರಿಗೆ ಇಷ್ಟು ತಾಳ್ಮೆ ಎಲ್ಲಿದೆ? ಆಕೆ ಆ ಮಕ್ಕಳನ್ನು ಯಾವ ರೋಗದ ಹೆಸರಿನಿಂದಲೂ ಕರೆಯುವುದಿಲ್ಲ, "ನಮ್ಮ ಮಕ್ಕಳು" ಎನ್ನುತ್ತಾರೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದವರಾರು? ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನಲ್ಲಿ ಗಾನಶಕ್ತಿಯನ್ನು ಕಂಡು ವಿದ್ಯೆಗೆ ಹಚ್ಚಿದರು. ಆತನೇ ಪಂಚಾಕ್ಷರ ಗವಾಯಿಗಳು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಆದರೂ ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು, ಅಸಂಖ್ಯ ಅಂಧಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಇತ್ತರು. ಎಲ್ಲ ಮಕ್ಕಳೂ ಗವಾಯಿಗಳಾಗಲಾರರು, ನಿಜ. ಗುಂಡಿ ಹಾಕಿಕೊಳ್ಳಲು ಕಲಿತ ಮಗುವೂ ಅದೇ ದಾಸೋಹದ ಫಲವೆಂಬುದು ನನ್ನ ಅಭಿಪ್ರಾಯ.

ಪೂಜೆಗೆ ಹೊತ್ತು ಸಾಲದೆಂಬ ಕೊರಗಿಗೆ ನುಲಿಯ ಚಂದಯ್ಯನ ಕಥೆಯುಂಟು. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ನೀರಿಗೆ ಬಿದ್ದಿತು. ಆತ ಹುಲ್ಲನ್ನು ಹೊತ್ತು ನಡೆದೇಬಿಟ್ಟ. ಲಿಂಗವೇ ಬೆನ್ನಟ್ಟಿ ಬಂದಿತಂತೆ. ಉಪನ್ಯಾಸಕಾರರು ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಕಾಯಕವೊಂದಿದ್ದರೆ ಸಾಕೆಂದು ಹೇಳಿಬಿಡುತ್ತಾರೆ. ಕಥೆ ಮುಗಿದುದು ಹಾಗಲ್ಲ. ಮಡಿವಾಳ ಮಾಚಯ್ಯ ನಡುವೆ ಬಂದು, ಲಿಂಗವನ್ನು ಬಿಟ್ಟ ಕಾಯಕವು ಸಲ್ಲದೆಂದು ತಿಳಿಹೇಳಿ ಚಂದಯ್ಯನನ್ನು ಒಡಂಬಡಿಸಿದ. ಆದುದರಿಂದ ತಾಯೀ, ಪೂಜೆಯನ್ನು ಬಿಡಬೇಡಿ. ಕೂಸು ಅತ್ತರೆ ಎತ್ತಿಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳಿ, ಅದೂ ನೋಡಲಿ. ಕಾಲುಗಂಟೆ ಸಿಗದಿದ್ದರೆ ಐದು ನಿಮಿಷವಾಗಲಿ. ಲಿಂಗವು ಗಡಿಯಾರ ನೋಡುವುದಿಲ್ಲ.

ಕಾಯಕಕ್ಕೂ ಅಳತೆಯುಂಟು. ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಿರುಗಿಸೆಂದಳು. ಇದನ್ನು ಧನಲೋಭಕ್ಕೆ ಮಾತ್ರ ಅನ್ವಯಿಸುತ್ತೇವೆ. ರಾತ್ರಿ ಹನ್ನೊಂದಕ್ಕೆ ಶಾಲೆಯ ವರದಿಗಳನ್ನು ಬರೆಯುತ್ತ, ಮಲಗಿದ ಕೂಸಿನ ಮುಖವನ್ನೂ ನೋಡಲಾಗದಿದ್ದರೆ ಅದೂ ಹೆಚ್ಚಿನ ಅಕ್ಕಿಯೇ. ಅದನ್ನು ಹಿಂದಿರುಗಿಸುವುದರಲ್ಲಿ ಅಪರಾಧವೇನಿಲ್ಲ.

ಗೃಹಸ್ಥರಿಗೂ ಒಂದು ಮಾತು. ಈ ಪ್ರಶ್ನೆಯನ್ನು ಕೇಳಿದುದು ಆ ತಾಯಿ, ಯಜಮಾನರಲ್ಲ. ಪಾಳಿ ಮುಗಿಸಿ ಬಂದವರು ದಣಿದಿರುತ್ತಾರೆ, ಬಲ್ಲೆ. ಆದರೂ ಬೆಳಗಿನ ಆ ಕಾಲುಗಂಟೆ ಕೂಸನ್ನೆತ್ತಿಕೊಳ್ಳಲು ಲಿಂಗವಂತನಾದ ಗಂಡಸಿಗೆ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ಕಾಯಕದ ಹೊಗಳಿಕೆಯೆಲ್ಲ ಹೆಣ್ಣುಮಕ್ಕಳ ಬೆನ್ನಿಗೆ ಹೊರೆಯಾಗುವುದಾದರೆ ವಚನಗಳನ್ನು ನಾವು ಓದಿದಂತಾಗಲಿಲ್ಲ.

ಕೆಲಸ ಬಿಡಬೇಡಿರೆಂದು ಆಕೆಗೆ ಅಂದೇ ಹೇಳಿದೆ. ಆದರೆ ಅತ್ತೆಯವರನ್ನು ಜರೆದು ನಾನೇನೂ ಹೇಳಲಿಲ್ಲ. ಅವರು ತಮ್ಮ ಮೊಮ್ಮಗುವಿಗಾಗಿ ಅಂಜಿದವರು. ಬರುವ ಗೋಷ್ಠಿ ಆನೇಕಲ್ಲಿನ ಅದೇ ಮನೆಯಲ್ಲಿ ಸೇರಲಿದೆ. ಆ ಹಿರಿಯ ತಾಯಿಯವರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದೂ, ಪಂಚಸೂತಕದ ವಿಷಯವನ್ನೇ ಎತ್ತಿಕೊಳ್ಳುವೆನೆಂದೂ ಹೇಳಿಕಳುಹಿಸಿದ್ದೇನೆ.