ದಾರಿಹೋಕನ ಹಕ್ಕು

ಒಂದು ದಾರಿಯನ್ನು ಕಂಡು ಸಂತೋಷಪಟ್ಟವನಿಗೆ ಆ ದಾರಿಯ ವಿಷಯದಲ್ಲಿ ಮಾತನಾಡುವ ಹಕ್ಕು ಎಷ್ಟರಮಟ್ಟಿಗೆ ಇದೆ? ಕಂಡು ಸಂತೋಷಪಡಲು ಯಾರ ಅಪ್ಪಣೆ ಬೇಕು ಎಂದು ಓದುಗರು ಕೇಳಿದರೆ ಅದೂ ಸರಿಯೇ. ಆದರೆ ಸಂತೋಷವೆಂಬುದು ಬಹಳ ಹೊತ್ತು ಸುಮ್ಮನೆ ಕೂಡುವುದಿಲ್ಲ. ‘ಇದು ಹೀಗೆಯೇ ಇರಬೇಕು’ ಎಂಬ ಬೇಡಿಕೆ ಅದರ ಬೆನ್ನಿಗೇ ಬರುತ್ತದೆ. ಬೇಡಿಕೆ ಬಂದ ಕೂಡಲೆ ಅದರ ಖರ್ಚು ಯಾರ ಲೆಕ್ಕಕ್ಕೆ ಎಂಬ ಮಾತು ಏಳುತ್ತದೆ. ಇಪ್ಪತ್ತು ವರ್ಷ ಕಚೇರಿಯಲ್ಲಿ ಬಿಲ್ಲುಗಳನ್ನು ತಿರುವಿ ಹಾಕಿದ ನಮಗೆ ಆ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಯೋಚಿಸುವುದು ಸಾಧ್ಯವಾಗದು.

ನಮ್ಮ ಉದಾಹರಣೆ ದೂರದ್ದಲ್ಲ. ಭಾನುವಾರ ಬೆಳಗಿನ ಜಾವ, ಅಂಗಡಿಗಳ ಬಾಗಿಲು ತೆರೆಯುವ ಮೊದಲೇ, ಸುಲ್ತಾನ್ ಬಜಾರಿನಿಂದ ಸೈಕಲ್ಲು ಹತ್ತಿ ಪಶ್ಚಿಮಕ್ಕೆ ಹೊರಟರೆ ಲಂಗರ್ ಹೌಜ್ ದಾಟಿ, ಉಸ್ಮಾನ್ ಸಾಗರ ಹಿಮಾಯತ್ ಸಾಗರಗಳ ನಡುವೆ ಹಾದು, ಮೊಯಿನಾಬಾದ್, ಚೇವೆಳ್ಳ, ಮನ್ನೆಗೂಡ ಮಾರ್ಗವಾಗಿ ವಿಕಾರಾಬಾದಿನ ಅನಂತಗಿರಿ ಗುಡ್ಡವನ್ನು ಮುಟ್ಟಬಹುದು. ಸುಮಾರು 80 ಕಿಲೋಮೀಟರು. ಊರೊಳಗೆ ನಾವು ಮೂಗು ಮುಚ್ಚಿಕೊಂಡು ದಾಟುವ ಮೂಸಿ ನದಿ ಹುಟ್ಟುವುದು ಆ ಕಾಡಿನಲ್ಲಿಯೇ. 1908ರ ಸೆಪ್ಟೆಂಬರಿನಲ್ಲಿ ನಗರವನ್ನು ಕೊಚ್ಚಿಕೊಂಡು ಹೋದದ್ದೂ ಅದೇ ನದಿ. ಆ ಪ್ರಳಯದ ನಂತರ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮೇಲೆ ಹೇಳಿದ ಎರಡು ಸಾಗರಗಳು ಆ ಯೋಜನೆಯ ಫಲ, ಒಂದು 1920ರದು, ಇನ್ನೊಂದು 1927ರದು. ಅನಂತಗಿರಿಯಲ್ಲಿ ಅನಂತಪದ್ಮನಾಭನ ಗುಡಿ ಇದೆ, ಕ್ಷಯರೋಗಿಗಳಿಗಾಗಿ ಕಟ್ಟಿದ ಹಳೆಯ ಆಸ್ಪತ್ರೆ ಇದೆ. ಅದರ ಇನ್ನೊಂದು ಮಗ್ಗುಲಿನ ಸೀಮೆಯ ಮಳೆನೀರು ಮೂಸಿಗೆ ಬಾರದೆ ಕಾಗಿಣಾ ನದಿಗೆ ಇಳಿದು, ತಾಂಡೂರು ಸೇಡಂಗಳ ಕಡೆ ಹರಿದು, ನೃಪತುಂಗನ ಮಳಖೇಡದ ಕೋಟೆಯ ಪಕ್ಕದಲ್ಲಿ ಹಾದು ಭೀಮೆಯನ್ನು ಸೇರುತ್ತದೆ. ಕೊನೆಗೆ ಎರಡೂ ನೀರು ಕೃಷ್ಣೆಯ ಪಾಲೇ. ಕಾಲಿನಲ್ಲಿ ಕಸುವಿದ್ದವರು ಎರಡನೆಯ ದಿನಕ್ಕೆ ಮಳಖೇಡವನ್ನೇ ಸೇರಬಹುದು. ‘ಕವಿರಾಜಮಾರ್ಗ’ದ ಊರಿಗೆ ಒಂದು ಮಾರ್ಗ ನಮ್ಮ ಮನೆಯ ಬಾಗಿಲಿನಿಂದಲೇ ಹೊರಡುತ್ತದೆಂಬುದು ಇಲ್ಲಿಯ ಕನ್ನಡಿಗರಿಗೆ ಸಣ್ಣ ಹೆಮ್ಮೆಯಲ್ಲ.

ಈ ರಸ್ತೆಯನ್ನು ಹಳಬರು ಬಿಜಾಪುರ ರಸ್ತೆ ಎನ್ನುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 163. ಹೊರವರ್ತುಲ ರಸ್ತೆ ದಾಟಿದಲ್ಲಿಂದ ಮನ್ನೆಗೂಡದವರೆಗೆ, ಸುಮಾರು 46 ಕಿಲೋಮೀಟರು, ಎರಡೂ ಬದಿಗೆ ಆಲದ ಮರಗಳು, ಒಟ್ಟು ಒಂಬೈನೂರಕ್ಕೂ ಹೆಚ್ಚು. ನಿಜಾಮರ ಕಾಲದವು ಎಂದು ಜನ ಹೇಳುತ್ತಾರೆ. ಕೆಲವೆಡೆ ಎರಡು ಸಾಲಿನ ಕೊಂಬೆಗಳು ಮೇಲೆ ಕೂಡಿಕೊಂಡು ಬೆಳಗಿನ ಬಿಸಿಲು ರಸ್ತೆಗೆ ಬೀಳಲು ಹತ್ತು ಗಂಟೆಯಾಗುತ್ತದೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಇನ್ನೊಂದು ಸಂತೋಷವೂ ಉಂಟು. ಆಲದ ಹಣ್ಣೆಂದು ನಾವು ಕರೆಯುವುದು ನಿಜವಾಗಿ ಒಳಮುಖವಾಗಿ ಅರಳಿದ ಹೂಗಳ ಗೊಂಚಲು. ಅದರೊಳಕ್ಕೆ ನುಗ್ಗಿ ಪರಾಗಸ್ಪರ್ಶ ಮಾಡಲು ಅದಕ್ಕೆಂದೇ ಒಂದು ಜಾತಿಯ ಸಣ್ಣ ಕಣಜವಿದೆ. ಮರವಿಲ್ಲದೆ ಕಣಜವಿಲ್ಲ, ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ. ಬೇರೆ ಮರಗಳು ಬರಿದಾದ ಕಾಲದಲ್ಲಿಯೂ ಯಾವುದಾದರೊಂದು ಆಲ ಹಣ್ಣು ಬಿಟ್ಟಿರುವುದರಿಂದ ಹಕ್ಕಿಗಳಿಗೆ ಅದೇ ಅನ್ನಛತ್ರ. 2023ರಲ್ಲಿ ಇದೇ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೈಕಲ್ಲಿನವರಿಗಾಗಿಯೇ 23 ಕಿಲೋಮೀಟರಿನ ದಾರಿ ಮಾಡಿ ಮೇಲೆ ಸೌರ ಫಲಕಗಳ ಛಾವಣಿ ಹೊದಿಸಿದ್ದಾರೆ. ಒಳ್ಳೆಯ ಕೆಲಸವೇ, ನೆರಳಿನ ಜೊತೆಗೆ ವಿದ್ಯುತ್ತೂ ಬರುತ್ತದೆ. ಆದರೂ ಅಲ್ಲಿ ತುಳಿಯುವವರು ಇಲ್ಲಿಗೂ ಬಂದೇ ಬರುತ್ತಾರೆ.

ಈ ರಸ್ತೆಯನ್ನು ನಾಲ್ಕು ಪಥಗಳಿಗೆ ಅಗಲಿಸಬೇಕೆಂದು ಸರ್ಕಾರ ಹೊರಟಾಗ ಮರಗಳನ್ನು ಉಳಿಸಬೇಕೆಂದು ನಗರದ ಕೆಲವರು ಹಸಿರು ನ್ಯಾಯಮಂಡಳಿಗೆ ಹೋದರು. ಕೆಲಸ ವರ್ಷಗಟ್ಟಲೆ ನಿಂತಿತು. 2025ರ ನವೆಂಬರ್ 3ರ ಬೆಳಿಗ್ಗೆ ಚೇವೆಳ್ಳದ ಹತ್ತಿರ, ತಾಂಡೂರಿನಿಂದ ನಗರಕ್ಕೆ ಬರುತ್ತಿದ್ದ ಬಸ್ಸಿಗೆ ಜಲ್ಲಿ ತುಂಬಿದ ಟಿಪ್ಪರ್ ಎದುರಿನಿಂದ ಬಂದು ಅಪ್ಪಳಿಸಿತು. ಜಲ್ಲಿ ಬಸ್ಸಿನೊಳಕ್ಕೆ ಸುರಿಯಿತು. 19 ಜನ ಸತ್ತರು. ಸತ್ತವರಲ್ಲಿ ಕಾಲೇಜಿನ ಹುಡುಗಿಯರಿದ್ದರು, ಎಳೆಯ ಕೂಸೂ ಇತ್ತು.

ಆಮೇಲೆ ಒಂದು ಭಾನುವಾರ ಚೇವೆಳ್ಳದ ಚಹಾ ಅಂಗಡಿಯಲ್ಲಿ ನಾವು ಮರಗಳ ಮಾತೆತ್ತಿದಾಗ ಒಬ್ಬ ಹಿರಿಯರು ತೆಲುಗಿನಲ್ಲಿ, ಸಿಟ್ಟಿಲ್ಲದೆಯೇ ಹೇಳಿದರು: “ನೀವು ಆದಿತ್ಯವಾರ ಬರ್ತೀರಿ ಸಾರ್, ನೆರಳು ನೋಡ್ತೀರಿ. ನಮ್ಮ ಮೊಮ್ಮಗಳು ದಿನಾ ಇದೇ ದಾರೀಲಿ ಕಾಲೇಜಿಗೆ ಹೋಗಬೇಕು. ಸಾಯಂಕಾಲ ಅವಳು ಬರೋ ತನಕ ನಾವು ಬಾಗಿಲಲ್ಲೇ ನಿಂತಿರ್ತೀವಿ.”

ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಕೆಲವು ಉತ್ತರಗಳು ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಆ ದಿನ ಡಿಕ್ಕಿ ಹೊಡೆದದ್ದು ಟಿಪ್ಪರ್, ಮರವಲ್ಲ ಎಂಬುದೊಂದು. ನಿಜ. ಗತಿಶಕ್ತಿಯ ಸೂತ್ರ ಬಲ್ಲವರಿಗೆ ವೇಗ ನಾಲ್ಕು ಪಟ್ಟಾದರೆ ಹೊಡೆತ ಹದಿನಾರು ಪಟ್ಟಾಗುತ್ತದೆಂಬುದು ಗೊತ್ತು. ಜಲ್ಲಿ ತುಂಬಿದ ಗಾಡಿಯ ತೂಕವನ್ನು ಅದಕ್ಕೆ ಸೇರಿಸಿಕೊಳ್ಳಿ. ವೇಗಕ್ಕೂ ಭಾರಕ್ಕೂ ಕಡಿವಾಣ ಹಾಕಬೇಕೆನ್ನುವುದು ಸರಿಯಾದ ವಾದ. ಆದರೆ ರಸ್ತೆಯ ನಡುವೆ ವಿಭಜಕವಿದ್ದು ಹೋಗುವ ಬರುವ ಗಾಡಿಗಳು ಬೇರೆಯಾಗಿದ್ದರೆ ಎದುರುಬದುರು ಡಿಕ್ಕಿಗೆ ಅವಕಾಶ ಕಡಿಮೆ ಎಂಬುದೂ ಅಷ್ಟೇ ನಿಜ. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗಿಕೊಳ್ಳುವುದು ವಕೀಲರಿಗೆ ಶೋಭಿಸಬಹುದು, ನಮಗೆ ಶೋಭಿಸದು. ಇನ್ನು ಒಂದು ಕಡೆ 19 ಜೀವ, ಇನ್ನೊಂದು ಕಡೆ ಒಂಬೈನೂರು ಮರ ಎಂದು ತಕ್ಕಡಿ ಹಿಡಿಯುವವರು ಇದ್ದಾರೆ. ಆ ತಕ್ಕಡಿಯೇ ಸುಳ್ಳು. ಮರ ಕಡಿದ ಮಾತ್ರಕ್ಕೆ ಸತ್ತವರು ಬರುವುದಿಲ್ಲ, ಕಡಿಯದೆಯೇ ರಸ್ತೆ ಅಗಲಿಸುವ ದಾರಿಗಳೂ ಇಲ್ಲದಿರಲಿಲ್ಲ. ಮರ ಉಳಿಸಿಯೂ ರಸ್ತೆ ಮಾಡಬಹುದಾಗಿದ್ದರೆ ಅಷ್ಟು ವರ್ಷ ಕಾಯಿಸಿದ್ದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ಕಾಯುವುದಕ್ಕೂ ಒಂದು ಬೆಲೆಯುಂಟು. ಅದನ್ನು ತೆತ್ತವರು ದಿನಾ ಬಸ್ಸು ಹತ್ತುವವರು. ಸರ್ಕಾರವಾಗಲಿ, ಮರಗಳ ಪರ ನಿಂತವರಾಗಲಿ, ಭಾನುವಾರದ ನಾವಾಗಲಿ ತೆರಲಿಲ್ಲ.

ಹಾಗೆಂದು ದಾರಿಹೋಕನಿಗೆ ಹಕ್ಕೇ ಇಲ್ಲವೆನ್ನೋಣವೆ? ರಸ್ತೆಬದಿಯ ಮರವನ್ನು ನೆಟ್ಟದ್ದೇ ದಾರಿಹೋಕನಿಗಾಗಿ. ತೋಟದ ಮರಕ್ಕೆ ಯಜಮಾನನಿರುತ್ತಾನೆ, ಸಾಲುಮರಕ್ಕೆ ಇಲ್ಲ. ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರ ನೆಡಿಸಿದ್ದಾಗಿ ಅಶೋಕ ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. (ಅವನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ 1915ರಲ್ಲಿ ದೊರೆತದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಆಗ ಅದು ಇದೇ ಹೈದರಾಬಾದು ಸಂಸ್ಥಾನದ ಊರು.) ಆದರೆ ಬಸ್ಸಿನ ಕಿಟಕಿಯ ಪಕ್ಕ ಕುಳಿತ ಹುಡುಗಿಯೂ ದಾರಿಹೋಕಳೇ ಎಂಬುದನ್ನು ನಾವು ಮರೆಯುತ್ತೇವೆ. ಸೈಕಲ್ಲಿನ ಮೇಲಿರುವವನು ನಿಧಾನವಾಗಿ ಹೋಗುವುದರಿಂದ ಹೆಚ್ಚು ನೋಡುತ್ತಾನೆ, ಅಷ್ಟೆ. ಹೆಚ್ಚು ನೋಡಿದವನಿಗೆ ಹೆಚ್ಚು ಹಕ್ಕು ಎಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ.

ಈ ಮಾತು ನಮಗೆ ಚೆನ್ನಾಗಿ ಅರ್ಥವಾಗಬೇಕಾದದ್ದು ಸುಲ್ತಾನ್ ಬಜಾರಿನಲ್ಲಿದ್ದುಕೊಂಡೇ. ಮೆಟ್ರೋ ರೈಲು ಈ ಇಕ್ಕಟ್ಟಿನ ಬೀದಿಯ ಮೇಲೆ ಹಾದುಹೋಗಬೇಕೆಂದಾಗ ಇಲ್ಲಿಯ ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದರು. ಮಾರ್ಗ ಬದಲಿಸುವ ಮಾತೂ ನಡೆಯಿತು. ಕೊನೆಗೆ 2020ರ ಫೆಬ್ರವರಿಯಲ್ಲಿ ರೈಲು ಓಡಿತು, ಇಲ್ಲಿಯೇ ಮೇಲುಗಡೆ. ಆಗ ದೂರದ ಬಡಾವಣೆಯವರು ‘ಊರಿಗೆ ಒಳ್ಳೆಯದಾಗುವಾಗ ನಾಲ್ಕು ಅಂಗಡಿಯವರು ಅಡ್ಡ ಬರುತ್ತಾರೆ’ ಎಂದಾಗ ನಮಗೆ ಎಷ್ಟು ಉರಿದಿತ್ತು! ಇಲ್ಲಿ ಬಾಳುವವರನ್ನು ಕೇಳಬೇಕು, ಹಾದುಹೋಗುವವರನ್ನಲ್ಲ ಎಂದು ನಾವೂ ವಾದಿಸಿದವರೇ. ಬಜಾರಿಗೆ ಒಂದು ನ್ಯಾಯ, ಚೇವೆಳ್ಳಕ್ಕೆ ಒಂದು ನ್ಯಾಯ ಆಗಲಾರದು. ಇಂದು ಕಚೇರಿಗೆ ನಾವು ಆ ರೈಲಿನಲ್ಲಿಯೇ ಹೋಗುತ್ತೇವೆಂಬುದನ್ನೂ ಇಲ್ಲಿ ಬರೆದಿಡುವುದು ನ್ಯಾಯ.

ಆ ಅಪಘಾತವಾಗಿ ಹನ್ನೊಂದು ದಿನಕ್ಕೆ, ನವೆಂಬರ್ 14ರಂದು, ಸಾಲುಮರದ ತಿಮ್ಮಕ್ಕನವರು ತೀರಿಕೊಂಡರು. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಗಂಡಹೆಂಡಿರಿಬ್ಬರೂ ನೆಟ್ಟು ಬೆಳೆಸಿದ ಆಲದ ಮರಗಳು 385 ಎಂದು ಲೆಕ್ಕ. ಕೊಡದಲ್ಲಿ ನೀರು ಹೊತ್ತು ಹಾಕಿ, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದವು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಅಪಾಯ ಬಂದಾಗ ಆ ಅಜ್ಜಿ ಮುಖ್ಯಮಂತ್ರಿಯವರ ಮುಂದೆ ಹೋಗಿ ಉಳಿಸಿಕೊಡಿ ಎಂದು ಕೇಳಿದರು. ಅವರ ಮಾತಿಗೆ ಯಾವ ಹಳ್ಳಿಯವನೂ ‘ನೀವು ಆದಿತ್ಯವಾರ ಬರ್ತೀರಿ’ ಎನ್ನಲಾರ. ಅವರು ಆ ದಾರಿಯಲ್ಲಿ ಬಾಳಿದವರು, ಬೆವರು ಸುರಿಸಿದವರು, ಮರ ಕಂಡು ಕಣ್ಣು ತುಂಬಿಕೊಂಡವರೂ ಹೌದು. ನಮ್ಮ ಬಳಿ ಇರುವುದು ಈ ಮೂರರಲ್ಲಿ ಕೊನೆಯದೊಂದೇ. ಅದು ಸುಳ್ಳಲ್ಲ, ಆದರೆ ಅದೊಂದನ್ನೇ ಹಿಡಿದು ಇನ್ನೊಬ್ಬರ ಬಾಗಿಲ ಮುಂದೆ ವಾದ ಮಾಡಲು ಬಾರದು.

ಅನಂತಗಿರಿಯ ಆಚೆ ದಾಮಗುಂಡದ ಮೀಸಲು ಕಾಡಿನಲ್ಲಿ ನೌಕಾಪಡೆಯ ರೇಡಿಯೋ ಕೇಂದ್ರಕ್ಕೆ 2024ರ ಅಕ್ಟೋಬರಿನಲ್ಲಿ ಅಡಿಗಲ್ಲು ಬಿದ್ದಿದೆ. ಮೂಸಿಯ ಜಲಮೂಲಕ್ಕೆ ಏನಾಗುವುದೋ ಎಂದು ಜನ ಆತಂಕಪಟ್ಟಿದ್ದಾರೆ. ಕೇಂದ್ರ ಸರ್ಕಾರದ ಅನ್ನ ಉಣ್ಣುವ ನಾವು ಆ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಓದುಗರು ಕ್ಷಮಿಸಬೇಕು.

ಚೇವೆಳ್ಳದ ರಸ್ತೆಗೆ ಇದ್ದ ತಡೆ ಆ ನವೆಂಬರಿನ ಆಸುಪಾಸಿನಲ್ಲಿಯೇ ತೆರವಾಯಿತು. ಬಹುಪಾಲು ಮರಗಳನ್ನು ಇದ್ದಲ್ಲಿಯೇ ಉಳಿಸಿ, ಕೆಲವನ್ನು ಬುಡಸಹಿತ ಕಿತ್ತು ಬೇರೆ ಕಡೆ ನೆಡುವುದೆಂಬ ಒಪ್ಪಂದ. ಆಲದ ಕೊಂಬೆಯೇ ಬೇರು ಬಿಡುವ ಜಾತಿಯಾದ್ದರಿಂದ ಕಿತ್ತು ನೆಟ್ಟರೆ ಬದುಕುವ ಸಂಭವ ಬೇರೆ ಮರಗಳಿಗಿಂತ ಹೆಚ್ಚು. ಆದರೆ ಮೊದಲ ಬೇಸಿಗೆಗಳಲ್ಲಿ ನೀರು ತಪ್ಪಬಾರದು. ಗುತ್ತಿಗೆದಾರರ ಟ್ಯಾಂಕರ್ ಬಿಲ್ಲು ಪಾಸಾಗುವವರೆಗೆ ಬರುತ್ತದೆ, ಆಮೇಲೆ ಬರುವುದಿಲ್ಲವೆಂದು ಬಿಲ್ಲು ನೋಡುವ ನಾವು ಬಲ್ಲೆವು. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಎರಡು ಬಾಟ್ಲಿ ನೀರು ಒಯ್ದು ಸುರಿದರೆ ಅದು ಪೂಜೆಯಾದೀತು, ನೀರಾವರಿಯಾಗದು. ಅಲ್ಲಿಯವರಲ್ಲೇ ಯಾರಾದರೂ ಹಾಕಬೇಕು, ಅವರಿಗೆ ಅದರ ಕೂಲಿ ಸಲ್ಲಬೇಕು. ಕಳೆದ ತಿಂಗಳು ನಾವು ಆರು ಮಂದಿ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ಮರಕ್ಕೆ ಒಂದು ಬೇಸಿಗೆಗೆ ಎಷ್ಟಾದೀತೆಂದು ಲೆಕ್ಕ ಹಾಕಿದೆವು. ನಮ್ಮ ಸಂಬಳದಲ್ಲಿ ನಾಲ್ಕು ಮರಗಳಿಗೆ ಸಾಕಾಗುತ್ತದೆ. ಹಿರಿಯರು ತಮ್ಮ ಊರಿನಲ್ಲಿ ಆಳು ಹುಡುಕಿಕೊಡಲು ಒಪ್ಪಿದ್ದಾರೆ. ಎಲ್ಲಕ್ಕಿಂತ ಮೊದಲು ಬಸ್ ನಿಲ್ದಾಣದ ಬಳಿ ವೇಗತಡೆ ಹಾಕಿಸುವ ಅರ್ಜಿಗೆ ನಾವೂ ರುಜು ಹಾಕಬೇಕೆಂದು ಅವರು ಹೇಳಿದರು. ಹಾಕಿದೆವು.