ಯಾರ ಆನೆ ಸರಿ?

ಕ್ವಾಲಾಲಂಪುರದ ನಮ್ಮ ಮನೆಯಲ್ಲಿ ಮಗಳ ಜೊತೆ ಚದುರಂಗ ಆಡ್ತಿದ್ದೆ. ಮಲಯ ಭಾಷೆಯಲ್ಲಿ ಇದು ‘ಚಾತುರ್’. ಎರಡೂ ಹೆಸರಿಗೆ ಮೂಲ ಸಂಸ್ಕೃತದ ಚತುರಂಗವೇ. ಆದರೆ ನಮ್ಮ ಆನೆ ನೇರ ನಡೆಯುತ್ತೆ, ಇಲ್ಲಿನವರು ‘ಗಜಾ’ ಅನ್ನೋ ಕಾಯಿ ಓರೆಯಾಗಿ. “ಅಪ್ಪಾ, ಯಾರ ಆನೆ ಸರಿ?” ಅಂದಳು. “ನಮ್ಮದೇ” ಅನ್ನೋಕೆ ಬಾಯಿ ತೆರೆದವನು ಸುಮ್ಮನಾದೆ.

1907ರಲ್ಲಿ ಜರ್ಮನಿಯ ಫರ್ಡಿನಾಂಡ್ ಮಾಕ್ ಮೂರು ಆಯಾಮದ ಚದುರಂಗ ರೂಪಿಸಿದರು. ಒಂದರ ಮೇಲೊಂದು ಐದು ಹಲಗೆ, ಒಟ್ಟು 125 ಮನೆ. ಅದರಲ್ಲಿ ‘ಯೂನಿಕಾರ್ನ್’ ಎಂಬ ಕಾಯಿ ಮೂಲೆಯಿಂದ ಮೂಲೆಗೆ ಮಾತ್ರ ಹೋಗುತ್ತೆ. ಎಷ್ಟೇ ಓಡಾಡಿದರೂ ಅದು ಮುಟ್ಟೋದು 30 ಮನೆಯನ್ನಷ್ಟೆ.

ಜಾಗ ದೊಡ್ಡದಾದರೆ ಸಾಲದು, ನಡೆಯೂ ಹೆಚ್ಚಬೇಕು. ಸಮುದ್ರ ದಾಟಿ ಬಂದೂ ನಾನು ಅದೇ 30 ಮನೆಯಲ್ಲಿ ಸುತ್ತುತ್ತಿದ್ದೀನಾ?

“ಎರಡೂ ಸರಿ ಮಗಳೇ. ಎರಡೂ ಹೆಸರು ಕಲಿ” ಅಂದೆ. ಆಮೇಲೆ ಅವಳೇ ನನಗೆ ಕಲಿಸಿದಳು.