ಕಂಡವರ ಮಾತಿಗೆ ಪ್ರಾಮಾಣ್ಯವುಂಟೇ?

ಒಬ್ಬರ ದೇಹದ ನೋವು ಮತ್ತೊಬ್ಬರಿಗೆ ನೇರವಾಗಿ ಗೋಚರಿಸದ ಕಾರಣ, ಅದಕ್ಕೆ ಪರಿಹಾರ ನೀಡಬೇಕಾದ ಪ್ರಭುತ್ವವು ಯಾರ ಮಾತನ್ನು ಪ್ರಮಾಣವೆಂದು, ಅಂದರೆ ನಂಬಲರ್ಹವಾದ ಜ್ಞಾನಸಾಧನವೆಂದು, ಒಪ್ಪಬೇಕೆಂಬ ಪ್ರಶ್ನೆಯು ಆಡಳಿತದ್ದಾಗುವ ಮೊದಲೇ ಜ್ಞಾನಮೀಮಾಂಸೆಯದಾಗಿರುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರದ ನೌಕರರು ಕರ್ತವ್ಯದಲ್ಲಿ ಗಾಯಗೊಂಡಾಗ ಚಿಕಿತ್ಸಾವೆಚ್ಚವನ್ನೂ ನಷ್ಟವಾದ ವೇತನದ ಬಹುಭಾಗವನ್ನೂ ಭರಿಸುವ 1916ರ ಪರಿಹಾರ ಕಾಯ್ದೆಯ ತಿದ್ದುಪಡಿಯ ಚರ್ಚೆಯಲ್ಲಿ ಈ ಪ್ರಶ್ನೆ ತೀಕ್ಷ್ಣವಾಗಿ ಎದುರಾಯಿತು. ಆ ಕಾಯ್ದೆ ಹೇಳುವ ವೈದ್ಯರ ಸಾಲಿನಲ್ಲಿ ದಂತವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ಮಿತವಾದ ಅಧಿಕಾರದೊಡನೆ ಬೆನ್ನೆಲುಬನ್ನು ಕೈಯಿಂದ ಸರಿಪಡಿಸುವ ಕೈರೋಪ್ರಾಕ್ಟರರು ಸೇರಿದ್ದರೂ, 1965ರ ಸುಮಾರಿಗೆ ಅಲ್ಲಿ ಹುಟ್ಟಿದ ಎರಡು ವೃತ್ತಿಗಳವರಿಗೆ, ಎಂದರೆ ಉನ್ನತ ತರಬೇತಿ ಪಡೆದು ರೋಗವನ್ನು ನಿರ್ಣಯಿಸಿ ಔಷಧ ಬರೆಯುವ ನರ್ಸ್ ಪ್ರಾಕ್ಟಿಷನರ್ ಹಾಗೂ ಫಿಸಿಶಿಯನ್ ಅಸಿಸ್ಟೆಂಟರಿಗೆ, ಬಹುಕಾಲ ಸ್ಥಾನ ದೊರೆಯಲಿಲ್ಲ.

ಹೀಗಾಗಿ, ದೂರದ ಊರೊಂದರಲ್ಲಿ ಹಿಮದ ಮೇಲೆ ಜಾರಿ ಬಿದ್ದ ಅಂಚೆ ವಿತರಕನ ಮೊಣಕಾಲಿನ ಊತವನ್ನು ಒತ್ತಿ ನೋಡಿ, ಕಾಲು ಎಷ್ಟು ಮಡಚುತ್ತದೆಂದು ಅಳೆದು, ನರ್ಸ್ ಪ್ರಾಕ್ಟಿಷನರ್ ಬರೆದ ವರದಿಯು ವೈದ್ಯರೊಬ್ಬರ ಮೇಲುರುಜು ಬೀಳುವತನಕ ವೈದ್ಯಕೀಯ ಸಾಕ್ಷ್ಯವೆನಿಸುತ್ತಿರಲಿಲ್ಲ. ಮುಟ್ಟಿ ಪರೀಕ್ಷಿಸಿದವರ ಅರಿವಿಗಿಂತ ರುಜು ಹಾಕುವವರ ಪದವಿಗೆ ಹೆಚ್ಚು ಬೆಲೆ ಕಟ್ಟುವ ಈ ಕ್ರಮ, ಗಾಯಗೊಂಡವನ ದೃಷ್ಟಿಯಿಂದ ನೋಡಿದರೆ, ಅನ್ಯಾಯವೇ ಸರಿ.

ಶಬ್ದಪ್ರಮಾಣವನ್ನು, ಅಂದರೆ ಪರರ ಮಾತಿನಿಂದ ದೊರೆಯುವ ಜ್ಞಾನವನ್ನು, ಆಳವಾಗಿ ವಿಚಾರಿಸಿದ ನ್ಯಾಯದರ್ಶನವು ಇಲ್ಲಿ ನೆರವಿಗೆ ಬರುತ್ತದೆ. ಗೌತಮನ ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು, ವಿಷಯವನ್ನು ಸಾಕ್ಷಾತ್ತಾಗಿ ಅರಿತು ಅರಿತಂತೆಯೇ ತಿಳಿಸಲು ಬಯಸುವವನನ್ನು ಆಪ್ತನೆಂದು ಗುರುತಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆನ್ನುತ್ತಾನೆ. ಹುಟ್ಟಿನ ಶ್ರೇಣಿಗಳು ಬಿಗಿಯಾಗಿದ್ದ ಸಮಾಜದಲ್ಲಿ ಬಂದ ಈ ಮಾತು ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ಲಕ್ಷಣದಂತೆ ಗಾಯವನ್ನು ಮುಟ್ಟಿ ಪರೀಕ್ಷಿಸಿದವರೂ ಆಪ್ತರೇ. ಆದರೂ ಗಾಯವನ್ನು ಕಾಣುವುದು ಬೇರೆ, ಅದು ಕೆಲಸದಿಂದಲೇ ಆಯಿತೆಂದು ನಿರ್ಣಯಿಸುವುದು ಬೇರೆ, ಎರಡನೆಯದಕ್ಕೆ ಹೆಚ್ಚಿನ ವಿದ್ಯೆ ಬೇಕು ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳು ನರ್ಸ್ ಪ್ರಾಕ್ಟಿಷನರ್‌ಗಳಿಗೆ ಸ್ವತಂತ್ರವಾಗಿ ಚಿಕಿತ್ಸೆ ನೀಡುವ ಅಧಿಕಾರ ಕೊಟ್ಟಿರುವಾಗ, ಅವರದೇ ನಿರ್ಣಯವನ್ನು ಒಕ್ಕೂಟ ಸರ್ಕಾರ ತನ್ನ ನೌಕರರ ವಿಷಯದಲ್ಲಿ ಮಾತ್ರ ತಳ್ಳಿಹಾಕುವುದಕ್ಕೆ ಆಧಾರವಿರಲಿಲ್ಲ. ಈ ಎರಡೂ ವೃತ್ತಿಗಳವರನ್ನು ಸೇರಿಸುವ ಮಸೂದೆಯನ್ನು ಅಲ್ಲಿನ ಪ್ರತಿನಿಧಿ ಸಭೆ 2022ರ ಜೂನ್‌ನಲ್ಲಿ ಅಂಗೀಕರಿಸಿದ್ದು ಯುಕ್ತವೇ ಆಗಿತ್ತು. ವರದಿಯೊಂದರ ಬಗ್ಗೆ ನಿಜವಾದ ಸಂದೇಹವಿದ್ದಲ್ಲಿ, ಗಾಯಾಳುವನ್ನು ಸರ್ಕಾರ ಗೊತ್ತುಪಡಿಸಿದ ಮತ್ತೊಬ್ಬ ವೈದ್ಯರ ಪರೀಕ್ಷೆಗೆ ಕಳುಹಿಸುವ ಅಧಿಕಾರವನ್ನು 1916ರ ಕಾಯ್ದೆಯೇ ನೀಡಿದೆ.